ಗೋದಾಮಿನಲ್ಲಿ ಅಕ್ಕಿ ಇದೆ, ಮನೆಗೆ ಯಾಕೆ ಬರುತ್ತಿಲ್ಲ? ನೆರೆ, ಬರದ ಕಾಲದ ಪಡಿತರದ ಬಗ್ಗೆ ಗೊತ್ತಿದ್ದವರು ಹೇಳಿ

ಭೀಮಾದಂಡೆ

ನೇರವಾಗಿ ವಿಷಯಕ್ಕೆ ಬರುತ್ತೇನೆ. 2025ರ ಸೆಪ್ಟೆಂಬರ್ ಕೊನೆಗೆ ಭೀಮಾ ಉಕ್ಕಿ ಕಲಬುರಗಿ, ವಿಜಯಪುರ, ಯಾದಗಿರಿ ಜಿಲ್ಲೆಗಳ ದಂಡೆ ಊರುಗಳಿಗೆ ನೀರು ನುಗ್ಗಿತಲ್ಲ, ಅಂಥ ಒಂದು ಊರಲ್ಲಿ ನನ್ನ ಚಿಕ್ಕಮ್ಮ ಇದ್ದಾರೆ. ಮೇಲೆ ಮಹಾರಾಷ್ಟ್ರದಲ್ಲಿ ಮಳೆ, ಉಜನಿ ಅಣೆಕಟ್ಟಿನಿಂದ ಬಿಟ್ಟ ನೀರು, ಸೀನಾ ನದಿಯ ನೀರು, ಎಲ್ಲ ಒಟ್ಟಿಗೇ ಬಂತು. ಊರವರನ್ನು ಶಾಲೆಯಲ್ಲಿ ತೆರೆದ ಕಾಳಜಿ ಕೇಂದ್ರಕ್ಕೆ ಕರೆದುಕೊಂಡು ಹೋದರು. ಅಲ್ಲಿನ ಊಟದ ಬಗ್ಗೆ ದೂರಿಲ್ಲ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ಸಾರು, ರಾತ್ರಿಗೂ ಅದೇ. ಯಾರೂ ಪಡಿತರ ಕಾರ್ಡ್ ಕೇಳಲಿಲ್ಲ, ಥಂಬ್ (ಬೆರಳಚ್ಚು) ಕೇಳಲಿಲ್ಲ.

ತೊಂದರೆ ಶುರುವಾದದ್ದು ನೀರು ಇಳಿದ ಮೇಲೆ. ಕೇಂದ್ರ ಮುಚ್ಚಿತು, ಎಲ್ಲರೂ ಮನೆಗೆ ಹೋದರು. ಮನೆ ತುಂಬ ಕೆಸರು. ಜೋಳದ ಚೀಲ ನೆಂದು ಮೊಳಕೆ ಒಡೆದಿತ್ತು, ತೊಗರಿ ಹೊಲದಲ್ಲೇ ಕೊಳೆಯಿತು. ಆಹಾರದ ಕಿಟ್ ಕೊಡುತ್ತಾರೆ ಅಂದರು. ಪಟ್ಟಿ ಬಂತು. ಚಿಕ್ಕಮ್ಮನ ಹೆಸರಿತ್ತು, ಪಕ್ಕದಲ್ಲೇ ಬೇರೆ ಮನೆ ಮಾಡಿಕೊಂಡಿರುವ ಮಗನ ಹೆಸರಿಲ್ಲ. ಕಾರಣ, ಅವನ ಹೆಸರು ಇನ್ನೂ ಅಮ್ಮನ ಕಾರ್ಡಲ್ಲೇ ಇದೆ. ಅವನ ಹೆಂಡತಿ ಹೆಸರು ಅವಳ ತವರಿನ ಕಾರ್ಡಲ್ಲಿ. ಮಕ್ಕಳಿಬ್ಬರು ಯಾವ ಕಾರ್ಡಲ್ಲೂ ಇಲ್ಲ. ಒಲೆ ಎರಡು, ಕಾರ್ಡ್ ಒಂದು, ಕಿಟ್ ಒಂದು.

ನನ್ನ ಪ್ರಶ್ನೆ ಇಷ್ಟೆ. ಟಿವಿಯಲ್ಲಿ ದಾಸ್ತಾನು ಬೇಕಾದಷ್ಟಿದೆ ಅನ್ನುತ್ತಾರೆ. ಅದು ಮನೆಗೆ ಬರುವ ದಾರಿ ಯಾವುದು, ಪಟ್ಟಿ ಮಾಡುವವರು ಯಾರು, ಹೆಸರು ಬಿಟ್ಟುಹೋದರೆ ಯಾರನ್ನು ಹಿಡಿಯಬೇಕು? ಪಕ್ಷದ ಜಗಳ ಬೇಡ, ದಯವಿಟ್ಟು.

ಪಡಿ_ಅಂಗಡಿ

ನಾನು ಚನ್ನಗಿರಿ ಕಡೆ ನ್ಯಾಯಬೆಲೆ ಅಂಗಡಿ ನಡೆಸುವವನು. ಇಲ್ಲಿ ಎರಡು ಬೇರೆ ದಾರಿಗಳಿವೆ, ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ಕಾಳಜಿ ಕೇಂದ್ರದ ಊಟ, ಕಿಟ್, ಮನೆಗೆ ನೀರು ನುಗ್ಗಿದ್ದಕ್ಕೆ ಕೊಡುವ ಪರಿಹಾರ, ಇದೆಲ್ಲ ಕಂದಾಯ ಇಲಾಖೆಯದು. ದುಡ್ಡು ವಿಪತ್ತು ಪರಿಹಾರ ನಿಧಿಯದು. "ಡಿಸಿಗಳ ಪಿಡಿ ಖಾತೆಯಲ್ಲಿ (ಜಿಲ್ಲಾಧಿಕಾರಿಗಳ ಹೆಸರಲ್ಲಿರುವ ಠೇವಣಿ ಖಾತೆ) ಹಣ ಇದೆ" ಅಂತ ಪ್ರತಿ ಮಳೆಗಾಲದಲ್ಲೂ ಮಂತ್ರಿಗಳು ಹೇಳುವುದನ್ನು ಕೇಳಿರುತ್ತೀರಿ, ಅದೇ ದುಡ್ಡು. ಸ್ಥಳದಲ್ಲಿ ಖರ್ಚು ಮಾಡುವವರು ತಹಶೀಲ್ದಾರ್. ಪಟ್ಟಿ ಬರೆಯುವವರು ವಿಎ, ಅಂದರೆ ಗ್ರಾಮ ಲೆಕ್ಕಿಗ, ಈಗ ಗ್ರಾಮ ಆಡಳಿತಾಧಿಕಾರಿ ಅಂತ ಹೆಸರು ಬದಲಾಗಿದೆ, ಜೊತೆಗೆ ಪಂಚಾಯಿತಿಯ ಪಿಡಿಒ. ನಿಯಮದ ಪ್ರಕಾರ ಅವರು ನೋಡಬೇಕಾದದ್ದು ಮನೆಗೆ ನೀರು ಬಂತೋ ಇಲ್ಲವೋ ಅಂತ. ಆದರೆ ಒಬ್ಬ ವಿಎಗೆ ಹಲವು ಊರು. ಮನೆ ಮನೆ ಸುತ್ತಿ ಬರೆಯುವ ಬದಲು ಪಡಿತರ ಚೀಟಿಯ ಪಟ್ಟಿ ತೆಗೆದು ಟಿಕ್ ಮಾಡುವುದು ಸುಲಭ. ನಿಮ್ಮ ಚಿಕ್ಕಮ್ಮನ ಊರಲ್ಲಿ ಆಗಿರುವುದು ಅದೇ ಇರಬೇಕು.

ಇನ್ನೊಂದು ದಾರಿ ನಮ್ಮದು, ತಿಂಗಳ ಪಡಿತರ. ಕೇಂದ್ರ ಹಂಚಿಕೆ ಮಾಡುತ್ತದೆ, ಎಫ್‌ಸಿಐ (ಭಾರತೀಯ ಆಹಾರ ನಿಗಮ) ಗೋದಾಮಿನಿಂದ ರಾಜ್ಯದವರು ಎತ್ತುತ್ತಾರೆ, ತಾಲ್ಲೂಕಿನ ಸಗಟು ಮಳಿಗೆಗೆ ಬರುತ್ತದೆ, ಅಲ್ಲಿಂದ ಲಾರಿಯಲ್ಲಿ ನನ್ನ ಅಂಗಡಿಗೆ. ಅಂಗಡಿ ಬಾಗಿಲಿಗೆ ತಂದು ಇಳಿಸುವುದು ಸರ್ಕಾರದ ಜವಾಬ್ದಾರಿ, 2013ರ ಆಹಾರ ಭದ್ರತಾ ಕಾಯ್ದೆಯಲ್ಲೇ ಇದೆ. ಈಗ ಮುಖ್ಯ ಮಾತು ಕೇಳಿ. ನನಗೆ ಬರುವ ಅಕ್ಕಿ ನನ್ನ ಅಂಗಡಿಗೆ ಸೇರಿದ ಕಾರ್ಡುಗಳ ಲೆಕ್ಕದ ಮೇಲೆ, ಮೊದಲೇ ನಿಗದಿ. ಊರಿಗೆ ನೀರು ಬಂತು, ಬೆಂಕಿ ಬಿತ್ತು ಅಂತ ಒಂದು ಚೀಲವೂ ಜಾಸ್ತಿ ಬರುವುದಿಲ್ಲ. ಮೇಲಿಂದ ಬೇರೆ ಆದೇಶವೇ ಆಗಬೇಕು. ಪಡಿತರ ಇರುವುದು ತಿಂಗಳು ತಿಂಗಳು ಕೊಡುವುದಕ್ಕೆ. ಈಗಿರುವ ವ್ಯವಸ್ಥೆ ಆಪತ್ತಿಗೆ ಅಂತ ಕಟ್ಟಿದ್ದಲ್ಲ. ಆಪತ್ತು ಬಂದಾಗ ಬೇರೆ ಏನೂ ಕೈಗೆ ಸಿಗದೆ ಇದನ್ನೇ ಎಳೆದಾಡುತ್ತಾರೆ.

ಲಾರಿ ವಿಷಯವನ್ನೂ ಹೇಳಿಬಿಡುತ್ತೇನೆ. 2025ರ ಜುಲೈನಲ್ಲಿ ಅನ್ನಭಾಗ್ಯದ ಸಾಗಣೆಯವರು ಬಾಕಿ ಹಣ ಕೊಟ್ಟಿಲ್ಲ ಅಂತ ಲಾರಿ ನಿಲ್ಲಿಸಿದ್ದರು. ಗೋದಾಮಲ್ಲಿ ಅಕ್ಕಿ ಇತ್ತು. ಜನ ಬಂದು ಬೈದದ್ದು ನನ್ನನ್ನು.

ಕೋರಮಂಗಲ_ಹುಡುಗ

ಚೀಲಕ್ಕೆ ಒಂದೆರಡು ಕೆಜಿ ಕಮ್ಮಿ ತೂಗುವುದರ ಬಗ್ಗೆ ಅಂಗಡಿಯವರು ಏನೂ ಹೇಳಲಿಲ್ಲವಲ್ಲ 😀

ಪಡಿ_ಅಂಗಡಿ

ಹೇಳುತ್ತೇನೆ. 50 ಕೆಜಿ ಅಂತ ಬರುವ ಚೀಲ ನನ್ನ ತಕ್ಕಡಿಯಲ್ಲೇ 49ರ ಹತ್ತಿರ ತೂಗುತ್ತದೆ. ಹಮಾಲರ ಕೊಕ್ಕೆಗೆ ಒಂದಿಷ್ಟು ಸೋರುತ್ತದೆ. ನನಗೆ ಕ್ವಿಂಟಾಲ್‌ಗೆ 150 ರೂಪಾಯಿ ಕಮಿಷನ್, ಅದೂ ಹೇಳಿದ ತಿಂಗಳಲ್ಲಿ ಬಂದರೆ ಪುಣ್ಯ. ಅದರಲ್ಲೇ ಬಾಡಿಗೆ, ಕರೆಂಟು, ಹುಡುಗನ ಸಂಬಳ. ನಮ್ಮಲ್ಲಿ ಕಳ್ಳರಿಲ್ಲ ಅಂತ ನಾನು ಹೇಳುತ್ತಿಲ್ಲ, ಇದ್ದಾರೆ. ಆದರೆ ಕಳ್ಳತನ ಅಷ್ಟನ್ನೂ ಕೊನೆಯ ಅಂಗಡಿಯಲ್ಲೇ ಹುಡುಕಿದರೆ ಮಿಕ್ಕವರು ಆರಾಮಾಗಿ ಇರುತ್ತಾರೆ.

ಸಂಜೆ_ಬಸ್ಸು

2020ರಲ್ಲಿ ನಾವೊಂದಿಷ್ಟು ಜನ ಪೀಣ್ಯ ಕಡೆ ಅಕ್ಕಿ ಬೇಳೆ ಹಂಚುತ್ತಿದ್ದೆವು. ಆಗ ಕಂಡದ್ದನ್ನು ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಹೇಳಿದರು. 26ಕ್ಕೆ ಹಣಕಾಸು ಸಚಿವೆ ಗರೀಬ್ ಕಲ್ಯಾಣ್ ಘೋಷಣೆ ಮಾಡಿದರು. 80 ಕೋಟಿ ಜನರಿಗೆ ತಲಾ 5 ಕೆಜಿ ಧಾನ್ಯ, ಮನೆಗೆ 1 ಕೆಜಿ ಬೇಳೆ, ಪುಕ್ಕಟೆ. ಎರಡೇ ದಿನದಲ್ಲಿ ಇಷ್ಟು ದೊಡ್ಡ ಘೋಷಣೆ ಆಗಿದ್ದು ಹೇಗೆ? ಎಫ್‌ಸಿಐನಲ್ಲಿ ರಾಶಿ ಇತ್ತು, ಹೆಸರಿನ ಪಟ್ಟಿ ಮೊದಲೇ ಇತ್ತು. ಕಾರ್ಡ್ ಇದ್ದವರಿಗೆ ನಿಜವಾಗಿಯೂ ಬಂತು. ನಮ್ಮಲ್ಲಿ ಎರಡು ತಿಂಗಳದ್ದನ್ನು ಒಟ್ಟಿಗೇ ಕೊಟ್ಟರು, ಸೋಂಕಿನ ಭಯಕ್ಕೆ ಬೆರಳಚ್ಚು ಬಿಟ್ಟು ಮೊಬೈಲ್ ಒಟಿಪಿ ತಂದರು. ಕೊಳೆಗೇರಿಗಳಲ್ಲಿ ನಂದಿನಿ ಹಾಲು ಪುಕ್ಕಟೆ ಹಂಚಿದರು. ಹೋಟೆಲು, ಕಾಫಿ ಅಂಗಡಿ ಎಲ್ಲ ಮುಚ್ಚಿ ಹಾಲು ಮಿಕ್ಕಿಹೋಗಿತ್ತು, ಸರ್ಕಾರ ಅದನ್ನು ಕೊಂಡು ಕೊಟ್ಟಿತು. ಒಳ್ಳೆಯ ಕೆಲಸ, ಯಾರು ಮಾಡಿದರೂ ಒಳ್ಳೆಯದೇ.

ಈಗ ಇನ್ನೊಂದು ಕಡೆ ನೋಡಿ. ಶೆಡ್ಡುಗಳಲ್ಲಿ ಇದ್ದ ಬಿಹಾರ, ಒಡಿಶಾ, ಬಂಗಾಳದ ಕೆಲಸಗಾರರು. ಕಾರ್ಡ್ ಇದ್ದರೂ ಅದು ಊರಲ್ಲಿ, ಹೆಂಡತಿ ಮಕ್ಕಳ ಹತ್ತಿರ. ಅವರಿಗೆ ಅಂತ ಘೋಷಣೆ ಬಂದದ್ದು ಮೇ 14ಕ್ಕೆ. ಅಷ್ಟರೊಳಗೆ ಎಷ್ಟೋ ಜನ ನಡೆದೇ ಊರು ಹಿಡಿದಿದ್ದರು. 8 ಕೋಟಿ ಜನ ಅಂತ ಅಂದಾಜು, ತಲಾ 5 ಕೆಜಿ ಧಾನ್ಯ, ಮನೆಗೆ 1 ಕೆಜಿ ಕಡಲೆ, ಎರಡು ತಿಂಗಳು. 8 ಲಕ್ಷ ಟನ್ ಎತ್ತಿಟ್ಟರು. ಕೊನೆಗೆ ತಿಂಗಳಿಗೆ ತಲುಪಿದ್ದು 3 ಕೋಟಿಗೂ ಕಡಿಮೆ ಜನರನ್ನು. ಧಾನ್ಯ ಇರಲಿಲ್ಲ ಅಂತಲ್ಲ. ಯಾರಿಗೆ ಕೊಡಬೇಕು ಅಂತ ಯಾರ ಹತ್ತಿರವೂ ಪಟ್ಟಿ ಇರಲಿಲ್ಲ.

ಒಂದು ಶೆಡ್ಡಿನ ಮುಂದೆ ನಾವು ಚೀಲ ಇಳಿಸುವಾಗ ಒಬ್ಬ ಹುಡುಗ ಬಂದು ಮೊದಲು ಕೇಳಿದ್ದು "ಅಣ್ಣ, ಫಾರಂ ಎಲ್ಲಿ?" ಅಂತ. ಫಾರಂ ಇಲ್ಲ ಅಂದರೆ ನಂಬಲಿಲ್ಲ. ಹಿಂದಿನ ವಾರ ಯಾರೋ ಬಂದು ಆಧಾರ್ ಫೋಟೊ, ಫೋನ್ ನಂಬರ್ ಎಲ್ಲ ಬರೆದುಕೊಂಡು ಹೋಗಿದ್ದರಂತೆ, ಆಮೇಲೆ ಯಾರೂ ಬಂದಿಲ್ಲ. ಅಕ್ಕಿ ತೊಳೆಯಲು ಪಾತ್ರೆ ಇತ್ತು, ಗ್ಯಾಸ್ ಇರಲಿಲ್ಲ. ಸೆಂಟ್ರಿಂಗ್ ಹಲಗೆಯ ಚೂರು ಉರಿಸಿ ಅನ್ನ ಮಾಡುತ್ತಿದ್ದರು. 5 ಕೆಜಿ ಅಕ್ಕಿ ಕೊಟ್ಟೆವು ಅಂತ ಬರೆದುಕೊಳ್ಳುವವರಿಗೆ ಇದು ಗೊತ್ತಾಗುವುದಿಲ್ಲ.

ಮಲ್ನಾಡ್_ಮನೆ

ಸುಮ್ನೆ ಎಲ್ಲದಕ್ಕೂ ಸರ್ಕಾರವನ್ನು ಬೈಯುವುದು ಫ್ಯಾಷನ್ ಆಗಿದೆ. ನಮ್ಮ ಊರಲ್ಲಿ ತಿಂಗಳ ಮೊದಲ ವಾರ ಆಟೊ ಬರುತ್ತದೆ, ಪಡಿತರ ಅಕ್ಕಿಯನ್ನು ಕೆಜಿಗೆ 10, 15 ರೂಪಾಯಿಗೆ ಕೊಂಡು ಹೋಗುತ್ತಾರೆ. ಮಾರುವವರು ಇದೇ ಬಡವರು. ಕಾರು ಇದ್ದವರ ಹತ್ತಿರವೂ ಬಿಪಿಎಲ್ ಕಾರ್ಡ್ ಇದೆ. ನಿಜವಾಗಿ ಹಸಿವಿದ್ದರೆ ಅಕ್ಕಿ ಮಾರುತ್ತಾರಾ? ಮೊದಲು ಅನರ್ಹರನ್ನು ತೆಗೆಯಿರಿ, ಆಮೇಲೆ ಮಾತಾಡೋಣ.

ಹೊಲಿಗೆ_ಮಷಿನ್

@ಮಲ್ನಾಡ್_ಮನೆ ಮಾರುತ್ತಾರೆ. ನಮ್ಮಮ್ಮ ಮಾರಿದ್ದಾರೆ. ನಾಚಿಕೆ ಏನಿಲ್ಲ.

ನಾವು ರಾಗಿ ತಿನ್ನುವವರು. ಮನೆಯಲ್ಲಿ ಐದು ಜನ, ಅಂದರೆ 2025ರಲ್ಲಿ ತಲಾ 10 ಕೆಜಿಯಂತೆ ತಿಂಗಳಿಗೆ 50 ಕೆಜಿ ಬರುತ್ತಿತ್ತು. ಅನ್ನ ಎಷ್ಟು ತಿನ್ನಲು ಆಗುತ್ತದೆ? ಗಾರ್ಮೆಂಟ್ಸ್‌ನಲ್ಲಿ ಸಂಬಳ ಬರುವುದು 7, 8ನೇ ತಾರೀಖಿಗೆ, ಎಣ್ಣೆ ಬೇಳೆ ಮುಗಿಯುವುದು ಅದಕ್ಕಿಂತ ಮೊದಲು. ಅಕ್ಕಿ ಮಾರಿ ಎಣ್ಣೆ ತಂದರೆ ಅದು ಹಸಿವಿಲ್ಲದ್ದಕ್ಕಲ್ಲ, ಬರಿ ಅಕ್ಕಿಯಿಂದ ಅಡುಗೆ ಆಗುವುದಿಲ್ಲ ಅಂತ. ದಕ್ಷಿಣದ ಜಿಲ್ಲೆಗಳಿಗೆ 3 ಕೆಜಿ ಅಕ್ಕಿ 2 ಕೆಜಿ ರಾಗಿ ಅಂತ ಕೊಟ್ಟಾಗ ನಮ್ಮ ಬೀದಿಯಲ್ಲಿ ರಾಗಿ ಯಾರೂ ಮಾರಲಿಲ್ಲ, ನೋಡಿ ಬೇಕಾದರೆ.

ರಾಜ್ಯದ ಪಾಲಿನ 5 ಕೆಜಿ ಅಕ್ಕಿ ಬದಲು ತೊಗರಿ ಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಕಿಟ್ ಕೊಡುವುದಕ್ಕೆ 2025ರ ಅಕ್ಟೋಬರ್‌ನಲ್ಲಿ ಸಂಪುಟ ಒಪ್ಪಿತು. ಮಾರುವವರನ್ನು ಬೈದು ಆಗದ ಕೆಲಸ ಇದರಿಂದ ಆದೀತು ಅಂತ ನನ್ನ ಅನಿಸಿಕೆ. ಎಣ್ಣೆ ಪ್ಯಾಕೆಟ್ಟಿನ ಗುಣಮಟ್ಟ ಹೇಗಿರುತ್ತದೋ ಅದು ಬೇರೆ ಮಾತು.

ಕೋರಮಂಗಲ_ಹುಡುಗ

ಹಾಗಾದರೆ ದುಡ್ಡೇ ಕೊಟ್ಟುಬಿಡಲಿ. ಲಾರಿ ಬೇಡ, ಗೋದಾಮು ಬೇಡ, ಹೆಗ್ಗಣ ಬೇಡ. ನೆರೆ ಬಂದ ದಿನವೇ ಖಾತೆಗೆ ಹಾಕಬಹುದು. ಯಾವ ಕಾಲದಲ್ಲಿದ್ದೀರಿ ಸ್ವಾಮಿ.

ಹೊಲಿಗೆ_ಮಷಿನ್

ಕೊಟ್ಟು ನೋಡಿದ್ದಾರಲ್ಲ. 2023ರ ಜೂನ್‌ನಲ್ಲಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ಕೇಂದ್ರ ನಿಲ್ಲಿಸಿತು. ಹೆಚ್ಚುವರಿ 5 ಕೆಜಿಗೆ ಅಕ್ಕಿ ಸಿಗಲಿಲ್ಲ. ಅದಕ್ಕೇ ಜುಲೈನಿಂದ ಕೆಜಿಗೆ 34ರಂತೆ ತಲಾ 170 ರೂಪಾಯಿ ಮನೆ ಯಜಮಾನಿಯ ಖಾತೆಗೆ ಹಾಕಿದರು. 2025ರ ಫೆಬ್ರುವರಿಯಿಂದ ಮತ್ತೆ ಅಕ್ಕಿ, ಎಫ್‌ಸಿಐನಿಂದ ಕೆಜಿಗೆ 22.50ಕ್ಕೆ ಕೊಂಡು.

ನಮ್ಮನೆಗೆ ದುಡ್ಡು ಇಷ್ಟವೇ ಇತ್ತು. ಬಂದಾಗ. ಕೆಲವು ತಿಂಗಳು ತಡವಾಗಿ ಬರುತ್ತಿತ್ತು. ಪಕ್ಕದ ಮನೆ ಅಜ್ಜಿಗೆ ಬರಲೇ ಇಲ್ಲ. ಖಾತೆ ಇತ್ತು, ಆಧಾರ್ ಜೋಡಣೆ ಯಾವುದೋ ಹಳೆಯ ಖಾತೆಗೆ ಆಗಿತ್ತು. ಅಕ್ಕಿ ಆದರೆ ಅಂಗಡಿಯವನ ಮುಂದೆ ನಿಂತು ಜಗಳ ಆಡಬಹುದು. ದುಡ್ಡು ಬರದಿದ್ದರೆ ಯಾರ ಮುಂದೆ ನಿಲ್ಲಬೇಕು?

ಇನ್ನೊಂದು. ಅದೇ ಹೊತ್ತಿಗೆ ಅಂಗಡಿಯಲ್ಲಿ ಸೋನಾ ಮಸೂರಿ ಬೆಲೆ 50 ದಾಟಿತ್ತು. 34 ರೂಪಾಯಿ ಹಿಡಿದುಕೊಂಡು ಹೋದರೆ ಒಂದು ಕೆಜಿ ಎಲ್ಲಿ ಬರುತ್ತದೆ?

ಭೀಮಾದಂಡೆ

@ಕೋರಮಂಗಲ_ಹುಡುಗ ನೆರೆಯಲ್ಲಿ ದುಡ್ಡು ಕೊಟ್ಟರೂ ಮೊದಲ ವಾರ ಪ್ರಯೋಜನ ಕಮ್ಮಿ. ಊರಿನ ಕಿರಾಣಿ ಅಂಗಡಿಗೂ ನೀರು ನುಗ್ಗಿತ್ತು. ಪರಿಹಾರದ ದುಡ್ಡು ಬಟ್ಟೆಗೆ 2,500, ಪಾತ್ರೆಗೆ 2,500 ಅಂತ ಆಗಿನ ನಿಯಮದಲ್ಲಿತ್ತು. ಅದು ಬರುವ ಹೊತ್ತಿಗೆ ಚಿಕ್ಕಮ್ಮ ಸಾಲ ಮಾಡಿ ಪಾತ್ರೆ ತಂದಾಗಿತ್ತು.

ವಾಸ್ಕೋ_ಕನ್ನಡಿಗ

ಗೋವಾದಿಂದ ಬರೆಯುತ್ತಿದ್ದೇನೆ. ಇಲ್ಲಿ ಕಟ್ಟಡ ಕೆಲಸ, ಬಂದರಿನ ಕೆಲಸಕ್ಕೆ ವಿಜಯಪುರ, ಬಾಗಲಕೋಟೆ, ಗದಗ ಕಡೆಯವರು ಎಷ್ಟು ಜನ ಇದ್ದಾರೆ ಅಂತ ನಿಮಗೆ ಗೊತ್ತಿರಬಹುದು. ಬಹುತೇಕರ ಕಾರ್ಡ್ ಊರಲ್ಲಿ.

ಒಂದು ದೇಶ ಒಂದು ಪಡಿತರ ಚೀಟಿ ಬಂದ ಮೇಲೆ ಇಲ್ಲಿಯೇ ತೆಗೆದುಕೊಳ್ಳಬಹುದು ಅಂತ ಹೇಳಿದರು. 2019ರಲ್ಲಿ ನಾಲ್ಕು ರಾಜ್ಯಗಳಲ್ಲಿ ಶುರುವಾಗಿ 2022ರ ಜೂನ್‌ನಲ್ಲಿ ಅಸ್ಸಾಂ ಸೇರಿದ ಮೇಲೆ ದೇಶಕ್ಕೆಲ್ಲ ಬಂತು. ಅದಕ್ಕೂ ಮೊದಲು, 2021ರ ಜೂನ್ 29ಕ್ಕೆ ಸುಪ್ರೀಂ ಕೋರ್ಟ್, ಜುಲೈ 31ರೊಳಗೆ ಎಲ್ಲ ರಾಜ್ಯಗಳೂ ಜಾರಿ ಮಾಡಬೇಕು ಅಂತ ಹೇಳಬೇಕಾಯಿತು. ಕೊರೊನಾ ಎರಡನೇ ಅಲೆ ಮುಗಿಯುತ್ತಿದ್ದ ಹೊತ್ತು ಅದು.

ಕೆಲಸ ಮಾಡುತ್ತದಾ? ಮಾಡುತ್ತದೆ, ಅರ್ಧ. ಸಿಗುವುದು ಕೇಂದ್ರದ ಪಾಲು 5 ಕೆಜಿ ಮಾತ್ರ. ಕರ್ನಾಟಕ ಕೊಡುವ ಹೆಚ್ಚುವರಿ ಇಲ್ಲಿ ಸಿಗುವುದಿಲ್ಲ. ಒಂದೇ ಕಾರ್ಡಿನ ಅರ್ಧ ಜನರ ಪಾಲನ್ನು ಊರಲ್ಲಿ, ಅರ್ಧ ಜನರದ್ದನ್ನು ಇಲ್ಲಿ ತೆಗೆದುಕೊಳ್ಳಲು ಅವಕಾಶ ಇದೆ, ಆದರೆ ಅದು ಅಂಗಡಿಯವರಿಗೂ ಗೊತ್ತಿರುವುದಿಲ್ಲ. "ನಿನ್ನ ಕಾರ್ಡ್ ಇಲ್ಲಿನದ್ದಲ್ಲ, ಸ್ಟಾಕ್ ಇಲ್ಲ" ಅಂತ ಒಂದೇ ಮಾತು. @ಪಡಿ_ಅಂಗಡಿ ನೀವೇ ಹೇಳಿ, ಹೊರಗಿನವರು ಬಂದರೆ ಕೊಡುತ್ತೀರಾ?

ಪಡಿ_ಅಂಗಡಿ

ಕೊಡುತ್ತೇನೆ, ಆದರೆ ನನ್ನ ಕಷ್ಟವನ್ನೂ ಕೇಳಿ. ನನಗೆ ಬಂದಿರುವುದು ನನ್ನ ಕಾರ್ಡುಗಳ ಲೆಕ್ಕದ ಅಕ್ಕಿ. ಹೊರಗಿನವರಿಗೆ ಮೊದಲ ವಾರ ಕೊಟ್ಟರೆ 20ನೇ ತಾರೀಖಿಗೆ ಬರುವ ನಮ್ಮೂರ ಅಜ್ಜನಿಗೆ ಇಲ್ಲ ಅನ್ನಬೇಕಾಗುತ್ತದೆ. ಕೊರತೆಯನ್ನು ಮುಂದಿನ ತಿಂಗಳು ತುಂಬಿಕೊಡುತ್ತಾರೆ ಅಂತ ಕಾಗದದಲ್ಲಿದೆ. ಬೈಸಿಕೊಳ್ಳುವುದು ಈ ತಿಂಗಳು.

ಥಂಬ್ ಬಗ್ಗೆ ಯಾರೂ ಮಾತಾಡಲಿಲ್ಲ, ಅದನ್ನೂ ಸೇರಿಸುತ್ತೇನೆ. ನಮ್ಮದು ಅಡಿಕೆ ಸೀಮೆ. ಸುಗ್ಗಿಯಲ್ಲಿ ಹಸಿ ಅಡಿಕೆ ಸುಲಿಯುವ ಹೆಂಗಸರ ಬೆರಳು ನೋಡಿದ್ದೀರಾ? ಚೊಗರು ಹತ್ತಿ ಕಪ್ಪಾಗಿರುತ್ತದೆ, ತುದಿ ಸವೆದು ನುಣ್ಣಗಾಗಿರುತ್ತದೆ. ಮಷಿನ್ ಕೆಂಪು ದೀಪ ತೋರಿಸುತ್ತದೆ. ಹೆಬ್ಬೆಟ್ಟು ಆಗದಿದ್ದರೆ ತೋರುಬೆರಳು, ಅದೂ ಆಗದಿದ್ದರೆ ನಡುಬೆರಳು, ಹುಣಸೆಹಣ್ಣು ಹಚ್ಚಿ ತೊಳೆದು ಬಾ ಅಂತ ಕಳಿಸುತ್ತೇವೆ, ಸೆರಗಿಗೆ ಒರೆಸಿ ಮತ್ತೆ ಒತ್ತುತ್ತಾರೆ. ಅಷ್ಟರಲ್ಲಿ ಸರ್ವರ್ ಹೋಗುತ್ತದೆ. ಕೊನೆಗೆ ಮೊಮ್ಮಗನನ್ನು ಶಾಲೆ ಬಿಡಿಸಿ ಕರೆತರುತ್ತಾರೆ, ಅವನ ಬೆರಳು ಒಂದೇ ಸಲಕ್ಕೆ ಹಿಡಿಯುತ್ತದೆ. ಒಂಟಿ ಮುದುಕಿಯರ ಗತಿ? ಬೆರಳು ಬರದವರಿಗೆ ವಿನಾಯಿತಿ ಪಟ್ಟಿ ಇದೆ. ಅದಕ್ಕೆ ಸೇರಿಸಲು ಆಹಾರ ನಿರೀಕ್ಷಕರು ಬರಬೇಕು.

2020ರಲ್ಲಿ ಥಂಬ್ ಇಲ್ಲದೆ ಕೊಟ್ಟಾಗ ಆಕಾಶ ಏನೂ ಕಳಚಿ ಬೀಳಲಿಲ್ಲ, ಅಲ್ವಾ?

ಮಲ್ನಾಡ್_ಮನೆ

ಥಂಬ್ ಬಂದ ಮೇಲೆ ಸುಳ್ಳು ಕಾರ್ಡ್ ಎಷ್ಟೋ ಕಮ್ಮಿ ಆಗಿದೆ, ಅದನ್ನೂ ಹೇಳಿ. ಸತ್ತವರ ಹೆಸರಲ್ಲಿ ಅಕ್ಕಿ ಎತ್ತುತ್ತಿದ್ದ ಕಾಲ ನನಗೆ ನೆನಪಿದೆ.

ಕಡಲಕರೆ

ಕಮ್ಮಿ ಆಗಿದೆ, ಒಪ್ಪೋಣ. ಆದರೆ ಸುಳ್ಳು ಕಾರ್ಡ್ ತೆಗೆಯುವ ಭರದಲ್ಲಿ ಯಾರು ಹೋದರು ಅನ್ನುವುದನ್ನೂ ನೋಡಬೇಕು. ನಾನು ಉತ್ತರ ಕನ್ನಡದವಳು. 2017ರ ಜುಲೈನಲ್ಲಿ ಗೋಕರ್ಣದ ಹತ್ತಿರ ಒಂದೇ ದಲಿತ ಮನೆಯ ಮೂವರು ಅಣ್ಣತಮ್ಮಂದಿರು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಆಧಾರ್ ಜೋಡಣೆ ಆಗದೆ ಆ ಮನೆಗೆ ಪಡಿತರ ನಿಂತುಹೋಗಿತ್ತು. ಪಿಯುಸಿಎಲ್ ಅನ್ನುವ ನಾಗರಿಕ ಹಕ್ಕುಗಳ ಸಂಘಟನೆಯವರು ಬಂದು ವಿಚಾರಿಸಿ ಇದು ಹಸಿವಿನ ಸಾವು ಅಂದರು. ಅಧಿಕಾರಿಗಳು ಅಲ್ಲ, ಕುಡಿತ ಕಾರಣ ಅಂದರು. ಯಾವುದು ಸರಿ ಅಂತ ನೀವೇ ತೀರ್ಮಾನ ಮಾಡಿ. ಆದರೆ ಪಡಿತರ ನಿಂತದ್ದರ ಬಗ್ಗೆ ವಾದ ಇರಲಿಲ್ಲ.

2024ರ ನವೆಂಬರ್‌ನಲ್ಲೂ ನೋಡಿದೆವು. ಅನರ್ಹ ಬಿಪಿಎಲ್ ಕಾರ್ಡ್ ತೆಗೆಯುತ್ತೇವೆ ಅಂತ ಶುರು ಮಾಡಿದರು, ಅರ್ಹರದ್ದೂ ಹೋಯಿತು ಅಂತ ಗಲಾಟೆ ಆಯಿತು, ಆದಾಯ ತೆರಿಗೆ ಕಟ್ಟುವವರು, ಸರ್ಕಾರಿ ನೌಕರರು ಬಿಟ್ಟು ಮಿಕ್ಕವರದ್ದನ್ನು ವಾಪಸ್ ಕೊಡಿ ಅಂತ ಆದೇಶ ಬಂತು. ತೆಗೆಯುವುದು ಕಂಪ್ಯೂಟರಿನಲ್ಲಿ ಒಂದೇ ಗಳಿಗೆಯ ಕೆಲಸ. ವಾಪಸ್ ಸೇರಿಸಲು ಆ ಮನೆಯವರು ಕೂಲಿ ಬಿಟ್ಟು ತಾಲ್ಲೂಕು ಕಚೇರಿಗೆ ಅಲೆಯಬೇಕು. ವರ್ಷಕ್ಕೆ 1.20 ಲಕ್ಷ ಆದಾಯದ ಮಿತಿ ಇಟ್ಟುಕೊಂಡು ಇಷ್ಟೆಲ್ಲ. ಗಂಡ ಹೆಂಡತಿ ಇಬ್ಬರೂ ಕೂಲಿಗೆ ಹೋದರೆ ಆ ಮಿತಿ ದಾಟುತ್ತದೆ.

ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ. ಕೇಂದ್ರ ಎಷ್ಟು ಜನರಿಗೆ ಅಕ್ಕಿ ಕೊಡಬೇಕು ಅನ್ನುವ ಲೆಕ್ಕ ಇವತ್ತಿಗೂ 2011ರ ಜನಗಣತಿಯ ಮೇಲೆ ನಿಂತಿದೆ. ಕರ್ನಾಟಕಕ್ಕೆ ಸುಮಾರು 4 ಕೋಟಿ. ಆಮೇಲೆ ಹುಟ್ಟಿದವರು, ಮದುವೆಯಾಗಿ ಬಂದವರು ಎಲ್ಲ ಅದೇ ಸಂಖ್ಯೆಯೊಳಗೆ ಹಿಡಿಸಬೇಕು. ಹೊಸ ಕಾರ್ಡಿನ ಅರ್ಜಿಗೆ ಆಹಾರ ಇಲಾಖೆಯ ಪೋರ್ಟಲ್ ಬಹುತೇಕ ಮುಚ್ಚಿಯೇ ಇರುವುದಕ್ಕೆ ಇದೂ ಒಂದು ಕಾರಣ. ಆ ಇಬ್ಬರು ಮಕ್ಕಳ ಹೆಸರು ಯಾವ ಕಾರ್ಡಲ್ಲೂ ಇಲ್ಲ ಅಂದಿರಲ್ಲ, ಅಂಥವರು ಊರಿಗೆ ಹತ್ತಾರು ಮನೆ ಸಿಗುತ್ತಾರೆ.

ಮೇಷ್ಟ್ರು_ಕೊಪ್ಪಳ

ನಾನು ಸರ್ಕಾರಿ ಶಾಲೆಯಲ್ಲಿದ್ದೇನೆ. ಕಾರ್ಡ್ ಕೇಳದೆ ಊಟ ಹಾಕುವ ಒಂದು ದಾರಿ ನಮ್ಮಲ್ಲಿ ಮೊದಲೇ ಇದೆ, ಬಿಸಿಯೂಟ. 2001ರಲ್ಲಿ ಪಿಯುಸಿಎಲ್ ಹಾಕಿದ ಕೇಸಲ್ಲಿ ಸುಪ್ರೀಂ ಕೋರ್ಟ್, ಶಾಲೆಯಲ್ಲಿ ಬೇಯಿಸಿದ ಊಟವನ್ನೇ ಕೊಡಿ ಅಂತ ಹೇಳಿತು. ಆ ಕೇಸು ಬಂದದ್ದೇ ಒಂದು ಕಡೆ ಬರ, ಇನ್ನೊಂದು ಕಡೆ ಎಫ್‌ಸಿಐ ಗೋದಾಮು ತುಂಬಿ ತುಳುಕುತ್ತಿದ್ದ ಹೊತ್ತಲ್ಲಿ. ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ, ಅಂದರೆ ಬಿಸಿಯೂಟ, ಶುರುವಾದದ್ದು ಈ ಭಾಗದ ಜಿಲ್ಲೆಗಳಿಂದಲೇ.

2023ರಲ್ಲಿ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯಿತಲ್ಲ, ಅದರ ಮುಂದಿನ ಬೇಸಿಗೆ ರಜೆಯಲ್ಲೂ ಆ ತಾಲ್ಲೂಕುಗಳಲ್ಲಿ ಬಿಸಿಯೂಟ ನಡೆಯಿತು. ನಾವು ರಜೆ ಬಿಟ್ಟು ಸರದಿಯಲ್ಲಿ ಹೋಗುತ್ತಿದ್ದೆವು, ಮೊದಲಿಗೆ ಗೊಣಗಿದ್ದೂ ಉಂಟು. ಬಂದ ಮಕ್ಕಳ ಮುಖ ನೋಡಿದರೆ ಯಾವ ಮನೆಯಲ್ಲಿ ಒಲೆ ಹಚ್ಚಿಲ್ಲ ಅಂತ ಗೊತ್ತಾಗುತ್ತಿತ್ತು. ಅಪ್ಪ ಅಮ್ಮ ದುಡಿಯಲು ಬೆಂಗಳೂರು, ಗೋವಾ ಕಡೆ ಹೋಗಿ ಅಜ್ಜಿ ಹತ್ತಿರ ಬಿಟ್ಟ ಮಕ್ಕಳು ದಿನಾ ಬರುತ್ತಿದ್ದರು. ಚಿಕ್ಕ ತಮ್ಮನನ್ನು ಸೊಂಟದ ಮೇಲೆ ಎತ್ತಿಕೊಂಡು ಬಂದರೆ ಅಡುಗೆಯವರು ಅವನಿಗೂ ಒಂದು ತಟ್ಟೆ ಹಾಕುತ್ತಿದ್ದರು. ರಿಜಿಸ್ಟರಲ್ಲಿ ಅವನ ಹೆಸರಿಲ್ಲ. ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಆದರೆ ಕೊರೊನಾದಲ್ಲಿ ಶಾಲೆ ಮುಚ್ಚಿದಾಗ ಈ ದಾರಿಯೂ ಮುಚ್ಚಿತು. ಅಕ್ಕಿ, ಬೇಳೆಯನ್ನು ಮನೆಗೆ ಕೊಡಲು ಹೇಳಿದರು. ಕೊಟ್ಟೆವು, ತಿಂಗಳುಗಳನ್ನು ಒಟ್ಟುಗೂಡಿಸಿ, ತಡವಾಗಿ.

ಸಂಜೆ_ಬಸ್ಸು

@ಮೇಷ್ಟ್ರು_ಕೊಪ್ಪಳ ಇದೇ ನನ್ನ ಮಾತೂ. ಮೊದಲ ಎರಡು ಮೂರು ವಾರ ಬೇಯಿಸಿದ ಊಟ, ಪಟ್ಟಿ ಬೇಡ, ಬಂದವರಿಗೆ ತಟ್ಟೆ. ಸಾಲಲ್ಲಿ ನಿಂತು ಅನ್ನ ಸಾರು ಉಣ್ಣಲು ಕಾರಿನವರು ಬರುವುದಿಲ್ಲ, ಅನರ್ಹರ ಚಿಂತೆ ಅಲ್ಲೇ ಮುಗಿಯಿತು. 2021ರ ಲಾಕ್‌ಡೌನ್‌ನಲ್ಲಿ ಇಂದಿರಾ ಕ್ಯಾಂಟೀನ್ ಊಟ ಪುಕ್ಕಟೆ ಮಾಡಿದಾಗ ಬೆಂಗಳೂರಲ್ಲಿ ಎಷ್ಟೋ ಜನ ಹಸಿವಿನಿಂದ ಉಳಿದುಕೊಂಡರು. 2020ರ ಲಾಕ್‌ಡೌನ್‌ನ ಮೊದಲ ವಾರಗಳಲ್ಲಿ ಬೇಕಾಗಿದ್ದದ್ದು ಅದೇ.

ಪಡಿ_ಅಂಗಡಿ

ಬೆಂಗಳೂರಿಗೆ ಸರಿ. ಮೂರು ಕಿಲೋಮೀಟರ್ ದೂರದ ತಾಂಡಾದ ಅಜ್ಜಿ ದಿನಾ ತಟ್ಟೆ ಹಿಡಿದು ಬರುತ್ತಾಳಾ? ತಿಂಗಳುಗಟ್ಟಲೆ ಸೌದೆ, ಗ್ಯಾಸ್, ಅಡುಗೆಯವರ ಕೂಲಿ ಯಾರು ಕೊಡುತ್ತಾರೆ? ಗರೀಬ್ ಕಲ್ಯಾಣ್ ಅಕ್ಕಿ 28 ತಿಂಗಳು ಕೊಟ್ಟೆವು, 2022ರ ಡಿಸೆಂಬರ್‌ವರೆಗೆ, ನಡುವೆ ಐದು ತಿಂಗಳು ಬಿಡುವು ಬಿಟ್ಟು. ಅಷ್ಟು ದಿನ ಗಂಜಿ ಕೇಂದ್ರ ನಡೆಸಲು ಆಗುವುದಿಲ್ಲ. ಊಟ ಮೊದಲು, ಅದು ಒಪ್ಪಿದೆ. ಆದರೆ ಊಟ ಹಾಕುತ್ತಿರುವ ಆ ವಾರಗಳಲ್ಲೇ ಅಲ್ಲಿ ಒಂದು ಮೇಜು ಹಾಕಿ ಬಿಟ್ಟ ಹೆಸರು ಬರೆದುಕೊಳ್ಳಬೇಕು. ಜನ ಎಲ್ಲ ಒಂದೇ ಕಡೆ ಸಿಗುತ್ತಾರೆ, ವಿಎ ಅಲ್ಲೇ ಇರುತ್ತಾರೆ, ಬೇರೆ ಯಾವ ಕಾಲದಲ್ಲೂ ಇಷ್ಟು ಸುಲಭ ಇಲ್ಲ. ಭೀಮಾದಂಡೆಯವರ ಊರಲ್ಲಿ ಹಾಗೆ ಮಾಡಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ.

ಮಲ್ನಾಡ್_ಮನೆ

ಇದನ್ನು ಒಪ್ಪುತ್ತೇನೆ. ಅಕ್ಕಿ ಮಾರುವ ವಿಷಯದಲ್ಲಿ ನನ್ನ ಮಾತು ನನ್ನದೇ.

ಭೀಮಾದಂಡೆ

ಎಲ್ಲರಿಗೂ ಥ್ಯಾಂಕ್ಸ್. ಈಗ ಕೆಲಸದ ಮಾತು. ಮಗನ ಮನೆಗೆ ಏನು ಮಾಡಬಹುದು? ಚಿಕ್ಕಮ್ಮನ ಕಾರ್ಡ್ ಕೂಡ ನೀರಲ್ಲಿ ಹಾಳಾಗಿದೆ.

ಪಡಿ_ಅಂಗಡಿ

ಕಾರ್ಡ್ ಹಾಳಾದದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಂಬರ್ ಸಾಕು, ಥಂಬ್ ಕೊಟ್ಟರೆ ಅಕ್ಕಿ ಸಿಗುತ್ತದೆ. ರಾಜ್ಯದೊಳಗೆ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಸಿಗುತ್ತದೆ. ಹೊಸ ಪ್ರತಿಯನ್ನು ಊರಿನ ಸರ್ಕಾರಿ ಸೇವಾ ಕೇಂದ್ರ ಗ್ರಾಮ ಒನ್‌ನಲ್ಲಿ ತೆಗೆಸಿ.

ಸೊಸೆಯ ಹೆಸರನ್ನು ಮೊದಲು ತವರಿನ ಕಾರ್ಡಿಂದ ತೆಗೆಸಬೇಕು. ಅದಾಗದೆ ಇಲ್ಲಿ ಸೇರಿಸಲು ಹೋದರೆ ಕಂಪ್ಯೂಟರ್ ತಿರಸ್ಕರಿಸುತ್ತದೆ. ಮಕ್ಕಳಿಗೆ ಜನನ ಪ್ರಮಾಣಪತ್ರ, ಆಧಾರ್. ತಿದ್ದುಪಡಿಗೆ ಪೋರ್ಟಲ್ ಆಗಾಗ ತೆರೆಯುತ್ತದೆ, ಗ್ರಾಮ ಒನ್ ಹುಡುಗನಿಗೆ ಹೇಳಿಟ್ಟರೆ ಫೋನ್ ಮಾಡುತ್ತಾನೆ. ಮಗನಿಗೆ ಬೇರೆ ಕಾರ್ಡ್ ಬೇಕು ಅಂತ ಈಗಲೇ ಹೊರಟರೆ ಇರುವುದೂ ತಡವಾಗುತ್ತದೆ, ಸದ್ಯಕ್ಕೆ ಎಲ್ಲರನ್ನೂ ಚಿಕ್ಕಮ್ಮನ ಕಾರ್ಡಿಗೆ ಸೇರಿಸಿ.

ಕಡಲಕರೆ

ಕಿಟ್ ಮತ್ತು ಪರಿಹಾರಕ್ಕೆ ತಹಶೀಲ್ದಾರ್‌ಗೆ ಬೇರೆ ಅರ್ಜಿ ಕೊಡಿ. ಅದರಲ್ಲಿ ಪಡಿತರ ಚೀಟಿಯ ಮಾತು ಎತ್ತಲೇಬೇಡಿ. ಬೇರೆ ಮನೆ, ಬೇರೆ ಒಲೆ, ಮನೆಗೆ ಇಂತಿಂಥ ದಿನ ನೀರು ನುಗ್ಗಿತ್ತು ಅಂತ ಬರೆಯಿರಿ. ಮನೆ ಕಂದಾಯದ ರಸೀದಿ ಅಥವಾ ಕರೆಂಟ್ ಬಿಲ್, ಗೋಡೆಯ ಮೇಲೆ ನೀರಿನ ಗುರುತು ಕಾಣುವ ಫೋಟೊ ಇಡಿ. ಸುಣ್ಣ ಹೊಡೆಯುವ ಮೊದಲು ಫೋಟೊ ತೆಗೆಯಲು ಹೇಳಿ.

ತಿಂಗಳ ಪಡಿತರವೇ ಸಿಗದಿದ್ದರೆ 1967ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಕಾಯ್ದೆಯ 8ನೇ ಕಲಮಿನಲ್ಲಿ, ಧಾನ್ಯ ಕೊಡದಿದ್ದರೆ ಅದರ ಬದಲು ಭತ್ಯೆ ಕೊಡಬೇಕು ಅಂತ ಇದೆ. ಜಿಲ್ಲೆಯಲ್ಲಿ ಕುಂದುಕೊರತೆ ಅಧಿಕಾರಿ, ಅವರ ಮೇಲೆ ರಾಜ್ಯ ಆಹಾರ ಆಯೋಗ. ಆ ಕಲಮನ್ನು ಅರ್ಜಿಯಲ್ಲಿ ಹೆಸರಿಸಿದರೆ ಕಾಗದ ಮೇಜಿಂದ ಮೇಜಿಗೆ ಬೇಗ ಓಡುತ್ತದೆ, ಅದು ನನ್ನ ಅನುಭವ. ಎರಡು ಪ್ರತಿ ಒಯ್ಯಿರಿ, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ.